ಬಂದರಿನ ಆಟ, ಪಟ್ಟಣದ ಆಟ

ನಮ್ಮ ಕಾಲೇಜು ದಿನಗಳ ಚರ್ಚಾಸ್ಪರ್ಧೆಗಳಿಗೆ ಒಂದು ನಿಯಮವಿತ್ತು. ಅದು ಇಂದಿಗೂ ಇದೆ. ಒಂದು ಕಾಲೇಜಿನಿಂದ ಇಬ್ಬರು ಬರಬೇಕು. ಒಬ್ಬ ವಿಷಯದ ಪರವಾಗಿ, ಇನ್ನೊಬ್ಬ ವಿರೋಧವಾಗಿ ಮಾತನಾಡಬೇಕು. ಕೊನೆಗೆ ಇಬ್ಬರ ಅಂಕಗಳನ್ನೂ ಕೂಡಿಸಿ, ಯಾವ ಜೋಡಿಯ ಮೊತ್ತ ಹೆಚ್ಚೋ ಆ ಕಾಲೇಜಿಗೆ ಪರ್ಯಾಯ ಫಲಕ ಕೊಡುತ್ತಾರೆ. ಹೀಗಾಗಿ ಎದುರು ಮಾತನಾಡುವವನನ್ನು ಸೋಲಿಸುವುದು ಎಂಬ ಮಾತಿಗೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ಎದುರು ಮಾತನಾಡುವವನು ನಮ್ಮವನೇ. ಅವನು ಚೆನ್ನಾಗಿ ಮಾತನಾಡಿದರೆ ಲಾಭ ಇಬ್ಬರಿಗೂ.

ಬೆಳ್ತಂಗಡಿಯಲ್ಲಿ ಓದುತ್ತಿದ್ದಾಗ ನನ್ನ ಜೋಡಿ ಬಂಟ್ವಾಳದ ಒಬ್ಬ ಬ್ಯಾರಿ ಮುಸ್ಲಿಂ ಹುಡುಗ. ಅವನಿಗೆ ಯಾವಾಗಲೂ ಪರ, ನನಗೆ ಯಾವಾಗಲೂ ವಿರೋಧ. ಚೀಟಿ ಎತ್ತಿ ಹಂಚಿಕೊಂಡದ್ದಲ್ಲ. ನಮ್ಮ ನಮ್ಮ ಸ್ವಭಾವವೇ ಹಾಗೆ ಹಂಚಿಹೋಗಿತ್ತು. ಜಗತ್ತಿನಲ್ಲಿ ಏನಿದೆಯೋ ಅದರ ಬಗ್ಗೆ ಅವನಿಗೆ ಮರುಕವಿತ್ತು, ಏನಿರಬೇಕೋ ಅದರ ಬಗ್ಗೆ ನನಗೆ ಹಟವಿತ್ತು. ವೇಣೂರಿನ ಮೇಲೆ ಹಾದುಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಅವನ ಭಾಷಣದ ದುರ್ಬಲ ಜಾಗಗಳನ್ನು ನಾನು ತೋರಿಸಿಕೊಡುತ್ತಿದ್ದೆ, ನನ್ನದನ್ನು ಅವನು. ವೇದಿಕೆ ಹತ್ತುವ ಹೊತ್ತಿಗೆ ಅವನ ವಾದದಲ್ಲಿ ಅರ್ಧ ನನ್ನದಾಗಿರುತ್ತಿತ್ತು.

ಆಮೇಲೆ ಅವನು ಗಲ್ಫಿಗೆ ಹೋದ. ನಾನು ಮೂಡುಬಿದಿರೆಯ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾದೆ. ಶಿರ್ತಾಡಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವವನಾದೆ. ಊರಿನ ನಾಗರಿಕ ವೇದಿಕೆಯೊಂದರ ಕಾರ್ಯದರ್ಶಿಯೂ ಆದೆ. ಗುಟ್ಕಾದ ವಿರುದ್ಧ ಜಾಥಾ ಮಾಡಿದೆವು. ಅದಕ್ಕೆ ಕಟ್ಟಿದ್ದ ಫ್ಲೆಕ್ಸುಗಳನ್ನು, ಫ್ಲೆಕ್ಸಿನ ವಿರುದ್ಧ ಜಾಥಾ ಮಾಡುವ ಮುನ್ನ ನಾವೇ ಬಿಚ್ಚಬೇಕಾಯಿತು. ಇಂಥ ವರ್ಷಗಳು ಹಲವು ಕಳೆದವು. ದಣಿವು ಒಮ್ಮೆಲೇ ಬರುವಂಥದ್ದಲ್ಲ. ಅದು ಬಸ್ಸಿನ ಪಾಸಿನಂತೆ, ತಿಂಗಳು ತಿಂಗಳೂ ತಾನಾಗಿ ನವೀಕರಣಗೊಳ್ಳುತ್ತದೆ.

ಗಲ್ಫಿನ ಕಂಪನಿ ಆಳುಗಳನ್ನು ಕೆಲಸದಿಂದ ತೆಗೆದಾಗ ಗೆಳೆಯ ಊರಿಗೆ ಮರಳಿದ. ತಂದದ್ದನ್ನೆಲ್ಲ ಹಾಕಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ, ಬೇಕರಿಯೊಂದರ ಮಾಳಿಗೆಯ ಮೇಲೆ ವಿಡಿಯೊ ಗೇಮಿನ ಅಂಗಡಿ ತೆರೆದ. ಗೋಡೆಯುದ್ದಕ್ಕೂ ದೊಡ್ಡ ಪರದೆಗಳು, ಎದುರು ಒರಗು ಕುರ್ಚಿಗಳು, ಮೂಲೆಯಲ್ಲಿ ಅವನ ಮೇಜು. ಕರ್ನಾಟಕದ ಎಲ್ಲ ಮೂಲೆಗಳಿಂದ ಬಂದು ಇಲ್ಲಿನ ಹಾಸ್ಟೆಲುಗಳಲ್ಲಿರುವ ಹುಡುಗರು ಅವನ ಗಿರಾಕಿಗಳು. ಅವರು ಹೆಚ್ಚಾಗಿ ಆಡುತ್ತಿದ್ದದ್ದು ಮಾಫಿಯಾ ಕಥೆಗಳನ್ನು: ಗ್ಯಾಂಗಿಗೆ ಸೇರುವುದು, ಕಾರು ಓಡಿಸುವುದು, ಗುಂಡು ಹಾರಿಸುವುದು, ಮೇಲೇರುವುದು, ಬೀಳುವುದು. ಆ ಅಂಗಡಿ ಉಳಿದರೆ ಅವನು ಊರಿನಲ್ಲಿ ಉಳಿಯುತ್ತಾನೆ, ಅದು ಮುಚ್ಚಿದರೆ ಅವನಿಗೆ ಇಲ್ಲಿ ಬೇರೆ ಬದುಕಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮಕ್ಕಳು ತರಗತಿ ತಪ್ಪಿಸುತ್ತಾರೆಂದು ಕೆಲವು ಪೋಷಕರು ದೂರು ಕೊಟ್ಟರು. ಅಂಗಡಿ ಮುಚ್ಚಿಸುವ ವಿಚಾರವಾಗಿ ವೇದಿಕೆಯ ಸಾರ್ವಜನಿಕ ಸಭೆ ಕರೆಯುವುದೆಂದಾಯಿತು. ನಮ್ಮ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಬಸದಿಯ ಕೇರಿಯವರು, ಸಜ್ಜನರು. ಫೋನು ಮಾಡಿ, "ಅಂಗಡಿಗೆ ವಿರೋಧವಾಗಿ ನೀವೇ ಮಾತಾಡ್ಬೇಕು ಸರ್" ಎಂದರು.

"ಅವನು ನನ್ನ ಸ್ನೇಹಿತ."

"ಅದು ಗೊತ್ತುಂಟು. ಅದಕ್ಕೇ ಹೇಳುವುದು." ಅವರು ದನಿ ತಗ್ಗಿಸಿದರು. "ನೀವು ಮಾತಾಡದಿದ್ರೆ ಬೇರೆಯವರು ಮಾತಾಡ್ತಾರೆ. ಅವರು ಆಟದ ಬಗ್ಗೆ ಮಾತಾಡುವುದಿಲ್ಲ ಸರ್. ಅಂಗಡಿಯವ ಯಾರು, ಯಾವ ಜನ, ಅದನ್ನು ಮಾತಾಡ್ತಾರೆ. ಆಮೇಲೆ ನಮ್ಮ ಕೈಯಲ್ಲಿ ಇರುವುದಿಲ್ಲ."

ಒಪ್ಪಿದೆ. ವಿರೋಧವು ವಾದದ ರೂಪದಲ್ಲಿ ಬಂದುಬಿಟ್ಟರೆ ಬೇರೆ ರೂಪದಲ್ಲಿ ಬರಲು ಅದಕ್ಕೆ ಜಾಗವಿರುವುದಿಲ್ಲ ಎಂದು ನನ್ನ ನಂಬಿಕೆ. ಅಂದೇ ಸಂಜೆ ಮೆಟ್ಟಿಲು ಹತ್ತಿ ಹೋಗಿ ಗೆಳೆಯನಿಗೆ ವಿಷಯ ತಿಳಿಸಿದೆ. ಅವನು ನಕ್ಕ.

"ಹಾಗಾದ್ರೆ ನೀನು ವಿರೋಧ, ನಾನು ಪರ. ವಿಷಯ ಹಳತೇ ಮಾರಾಯ, ಜೋಡಿಯೂ ಹಳತೇ. ನೀನು ಯಾವುದಾದ್ರೂ ಆಟ ಆಡಿದ್ದಿಯಾ?"

"ಇಲ್ಲ."

"ಓದದ ಪುಸ್ತಕದ ಬಗ್ಗೆ ಮಾತಾಡಿದವನನ್ನು ನೀನು ಎಂತ ಮಾಡ್ತಿದ್ದಿ ಅಂತ ನನಗೆ ನೆನಪುಂಟು. ಕೂತ್ಕೋ. ಕಲಿಸ್ತೇನೆ."

ಪೂರ್ವಪಕ್ಷವನ್ನು ಅದರ ಅತ್ಯುತ್ತಮ ರೂಪದಲ್ಲಿ ಅರಿಯದೆ ಖಂಡಿಸಬಾರದು ಎಂಬುದು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಮೊದಲ ಪಾಠ. ಆದ್ದರಿಂದ ತರಗತಿಗಳು ಮುಗಿದ ಮೇಲೆ, ಶಿರ್ತಾಡಿಯ ಬಸ್ಸು ಹೊರಡುವ ತನಕ, ಆ ಕುರ್ಚಿಯಲ್ಲಿ ಕುಳಿತು ನಾನು ಅಪರಾಧ ಕಲಿತೆ. ಹುಡುಗರು ಮೊದಲು ಗಾಬರಿಯಾದರು. ಬಳಿಕ ನನ್ನ ಹಿಂದೆ ಗುಂಪಾಗಿ ನಿಂತು ನೋಡತೊಡಗಿದರು.

ಅವರಲ್ಲಿ ಬಹುಮಂದಿಯ ಮೆಚ್ಚಿನದನ್ನು ನಾವು ಪಟ್ಟಣದ ಆಟ ಎಂದು ಕರೆಯುತ್ತಿದ್ದೆವು. ಜೈಲಿನಿಂದ ಹೊರಬಂದ ಒಬ್ಬ ತರುಣ ದೊಡ್ಡ ನಗರವೊಂದರ ಮಧ್ಯೆ ನಿಂತಿರುತ್ತಾನೆ. ಇಡೀ ನಗರ ಅವನದು. ಯಾರ ಕಾರನ್ನಾದರೂ ನಿಲ್ಲಿಸಿ, ಚಾಲಕನನ್ನು ಹೊರಗೆಳೆದು ಹೊರಡಬಹುದು. ಕಥೆ ಒಂದಿದೆ: ಅಣ್ಣನನ್ನು ಕೊಂದವರನ್ನು ಹುಡುಕಬೇಕು. ಆದರೆ ಕಥೆಗೆ ಅವಸರವಿಲ್ಲ. ನಾಯಕ ಕಡಲತೀರದಲ್ಲಿ ಸೈಕಲ್ ತುಳಿಯುತ್ತಿದ್ದರೆ ಅಣ್ಣನ ಹಂತಕರು ವಾರಗಟ್ಟಲೆ ತಾಳ್ಮೆಯಿಂದ ಕಾಯುತ್ತಾರೆ. ಪೊಲೀಸರು ಬೆನ್ನಟ್ಟಿದಾಗ ತುಸು ಹೊತ್ತು ಸಂದಿಯಲ್ಲಿ ನಿಂತರೆ ಅವರು ಮರೆತುಬಿಡುತ್ತಾರೆ. ಸತ್ತರೆ ಆಸ್ಪತ್ರೆಯ ಬಾಗಿಲಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಏಳುತ್ತೀರಿ. ಅದರ ಮಾತುಗಾರಿಕೆ ಮಾತ್ರ ಚೂಪಾದದ್ದು. ಕಾರಿನ ರೇಡಿಯೊದಲ್ಲಿ ಬರುವ ಜಾಹೀರಾತುಗಳು ಆ ನಗರದ ದುರಾಸೆಯನ್ನು ನನಗಿಂತ ಚೆನ್ನಾಗಿ ಲೇವಡಿ ಮಾಡುತ್ತಿದ್ದವು. ಅದನ್ನು ನಾನು ಗೆಳೆಯನೆದುರು ಒಪ್ಪಿಕೊಂಡೆ. ಅವನು, "ಆ ಪಾಯಿಂಟನ್ನು ನಾನು ತೆಗೆದುಕೊಳ್ತೇನೆ" ಎಂದ.

ಇನ್ನೊಂದು ಯಜಮಾನನ ಆಟ. ಇದರಲ್ಲಿ ನೀವು ಮೊದಲಿನಿಂದಲೇ ದೊಡ್ಡ ಕುರ್ಚಿಯಲ್ಲಿದ್ದೀರಿ. ಯಾವ ಬೀದಿಗೆ ಯಾರನ್ನು ಕಳಿಸಬೇಕು, ಯಾರನ್ನು ಬಡ್ತಿಗೇರಿಸಬೇಕು, ಯಾರನ್ನು ಮುಗಿಸಬೇಕು ಎಂದು ತೀರ್ಮಾನಿಸುವುದೇ ಕೆಲಸ. ಅದನ್ನು ಬಹುಬೇಗ ಬಿಟ್ಟೆ. ಸಹಕಾರಿ ಸಂಘದ ಆಡಳಿತ ಸಭೆಯಲ್ಲಿ ಕುಳಿತಂತೆ ಆಗುತ್ತಿತ್ತು.

ಮೂರನೆಯದು ಬಂದರಿನ ಆಟ. ಅದನ್ನು ಹುಡುಗರು ಮುಟ್ಟುತ್ತಿರಲಿಲ್ಲ. ನಾಯಕ ಹಳೆಯ ಬಂದರೊಂದರಲ್ಲಿ ಕ್ರೇನು ನಡೆಸುವವನು. ಕಳ್ಳಸಾಗಣೆಯ ಪೆಟ್ಟಿಗೆಯೊಂದನ್ನು ಕಂಡರೂ ಕಾಣದಂತಿದ್ದುದಕ್ಕೆ ಗ್ಯಾಂಗಿನವರು ಅವನನ್ನು ಊಟಕ್ಕೆ ಕರೆಯುತ್ತಾರೆ, ಅಲ್ಲಿಂದ ಶುರು. ಅಧ್ಯಾಯದ ಬಳಿಕ ಅಧ್ಯಾಯ. ಕಥೆಯ ಹೊರಗೆ ಮಾಡಲು ಏನೂ ಇಲ್ಲ. ಕಾರನ್ನು ಕೆಂಪು ದೀಪದಲ್ಲಿ ನಿಲ್ಲಿಸಬೇಕು, ಇಲ್ಲವಾದರೆ ಪೊಲೀಸರು ಹಿಡಿಯುತ್ತಾರೆ. ಒಬ್ಬನನ್ನು ಕೊಂದರೆ ಮುಂದಿನ ಅಧ್ಯಾಯದಲ್ಲಿ ಅವನ ಹೆಂಡತಿ ಮೀನು ಮಾರ್ಕೆಟಿನಲ್ಲಿ ಎದುರಾಗುತ್ತಾಳೆ, ನೋಡಿ ಮುಖ ತಿರುಗಿಸುತ್ತಾಳೆ. ಆಮೇಲೆ ಮಾರ್ಕೆಟಿನ ಉಳಿದವರೂ ತಿರುಗಿಸುತ್ತಾರೆ. ನಾಯಕನ ಕೋಟು ಹೊಸದಾಗುತ್ತ ಹೋದಂತೆ ಅವನಿಗೆ ನಮಸ್ಕಾರ ಹೇಳುವವರು ಕಡಿಮೆಯಾಗುತ್ತ ಹೋಗುತ್ತಾರೆ. ಈ ವಿವರ ನನ್ನನ್ನು ಹಿಡಿದುಬಿಟ್ಟಿತು.

ನಾನು ಒಳ್ಳೆಯ ಆಟಗಾರನಾಗಿರಲಿಲ್ಲ. ಗೋದಾಮಿನ ದೃಶ್ಯವೊಂದರಲ್ಲಿ ಎದುರಾಳಿಯ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತ ನಿಂತಾಗ ಹಿಂದಿನಿಂದ ವಿಜಯಪುರದ ಹುಡುಗನೊಬ್ಬ ತಾಳ್ಮೆಗೆಟ್ಟ.

"ಸರ್ರ, ಹೊಡೀರಿ! ಅಂವಾ ಗನ್ ತಗೀಲಿಕ್ಕತ್ತಾನು, ನೀವ್ ನೋಡಿದ್ರ ಭಾಷಣ ಕೇಳ್ಕೋತ ನಿಂತೀರಿ!"

"ಅವನ ವಾದ ಮುಗಿಯಲಿ," ಎಂದೆ.

"ನೀವಽ ಮುಗೀತೀರಿ ಸರ್ರ!"

ಮುಗಿದೇ ಹೋದೆ. ಗೆಳೆಯ ಮೇಜಿನ ಹಿಂದಿನಿಂದ, "ಗಂಟೆ ಬಾರಿಸಿದ್ರಲ್ವ, ಸಮಯ ಆಯ್ತು, ಇಳೀರಿ ಸರ್" ಎಂದು ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದೆ ಯಾವಾಗ ಅಷ್ಟು ನಕ್ಕಿದ್ದೆನೋ ನೆನಪಿಲ್ಲ.

ಹುಡುಗರು ಹೋದ ಮೇಲೆ ನಮ್ಮ ತಾಲೀಮು. ಕೆಳಗಿನ ಬೇಕರಿಯಿಂದ ಚಾ ತರಿಸಿ, ಹಳೆಯ ಅಭ್ಯಾಸದಂತೆ ಎರಡೂ ಭಾಷಣಗಳನ್ನು ಇಬ್ಬರೂ ತಿದ್ದಿದೆವು. ಅವನ ಮೊದಲ ಕರಡು ಪೊಳ್ಳಾಗಿತ್ತು: ಆಟದಿಂದ ಬೆರಳು ಚುರುಕಾಗುತ್ತದೆ, ಇಂಗ್ಲಿಷ್ ಬರುತ್ತದೆ ಎಂಬಂಥದ್ದು.

"ಇದಕ್ಕೆ ಯಾರೂ ತಲೆದೂಗುವುದಿಲ್ಲ," ಎಂದೆ. "ನೀನು ನಿಜವಾಗಿ ನಂಬುವುದೇನು, ಅದನ್ನು ಹೇಳು."

ಅವನು ಖಾಲಿ ಕುರ್ಚಿಗಳನ್ನು ನೋಡಿದ. "ನಾನು ನಂಬುವುದಾ? ಈ ಮಕ್ಕಳು ಆಡ್ತಾರೆ, ಹೇಗಿದ್ರೂ ಆಡ್ತಾರೆ. ಹಾಸ್ಟೆಲಿನಲ್ಲಿ ಹೊದಿಕೆ ಒಳಗೆ ಮೊಬೈಲಿನಲ್ಲಿ ಒಬ್ಬೊಬ್ಬರೇ ಆಡ್ತಾರೆ. ಇಲ್ಲಿ ಆಡಿದ್ರೆ ಪಕ್ಕದಲ್ಲಿ ಒಬ್ಬ ಮನುಷ್ಯ ಇರ್ತಾನೆ. ಒಬ್ಬ ಪೊಕ್ಕಡೆ, ಸುಮ್ಮಸುಮ್ಮನೆ, ಸಿಟ್ಟು ಮಾಡಿದ್ರೆ ಇನ್ನೊಬ್ಬ ತಮಾಷೆ ಮಾಡ್ತಾನೆ. ಊಟ ಮಾಡಿಲ್ಲ ಅಂದ್ರೆ ನಾನು ಕೇಳ್ತೇನೆ. ಗಲ್ಫಿನಲ್ಲಿ ನಾನಿದ್ದ ಕೋಣೆಯಲ್ಲಿ ಯಾರೂ ಯಾರನ್ನೂ ಕೇಳ್ತಿರ್ಲಿಲ್ಲ."

"ಇದೇ ನಿನ್ನ ಭಾಷಣ," ಎಂದೆ. "ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ."

"ಉತ್ತರ ಇಲ್ಲದಿದ್ರೆ ನೀನು ಎಂತ ಮಾಡ್ತಿ?"

"ವಿಂಗಡಿಸುತ್ತೇನೆ."

ಅದೇ ನನ್ನ ವಿದ್ಯೆ. ಎದುರು ವಾದವನ್ನು ಒಟ್ಟಾಗಿ ಕೆಡಹಲಾಗದಿದ್ದರೆ ಅದನ್ನು ಭಾಗಗಳಾಗಿ ಒಡೆದು, ಸರಿಯಾದುದನ್ನು ಒಪ್ಪಿ, ತಪ್ಪಾದುದನ್ನು ಖಂಡಿಸುವುದು. ತೀರ್ಪುಗಾರರು ಇದಕ್ಕೆ ಯಾವಾಗಲೂ ಹೆಚ್ಚು ಅಂಕ ಕೊಡುತ್ತಿದ್ದರು. ಆಟಗಳೆಲ್ಲ ಒಂದೇ ಅಲ್ಲ. ಪಟ್ಟಣದ ಆಟ ಅಪರಾಧವನ್ನು ರಜೆಯಂತೆ ತೋರಿಸುತ್ತದೆ, ಬಂದರಿನ ಆಟ ಅದನ್ನು ಬದುಕಿನಂತೆ ತೋರಿಸುತ್ತದೆ. ಒಂದರಲ್ಲಿ ಸತ್ತವರು ಮಾಯವಾಗುತ್ತಾರೆ, ಇನ್ನೊಂದರಲ್ಲಿ ಅವರ ಮನೆಯವರು ಉಳಿಯುತ್ತಾರೆ. ಇದು ನನ್ನ ವಾದ. ಗೆಳೆಯ ಕೇಳಿ ತಲೆದೂಗಿದ. "ಆ ಮಾರ್ಕೆಟಿನ ಹೆಂಗಸಿನದ್ದು ಕೊನೆಗೆ ಹೇಳು, ಮಧ್ಯದಲ್ಲಿ ಬೇಡ," ಎಂದು ಸಲಹೆಯನ್ನೂ ಕೊಟ್ಟ. ಕೊನೆಗೇ ಹೇಳುವುದೆಂದಾಯಿತು.

ಸಭೆ ಒಂದು ಭಾನುವಾರ ಬೆಳಿಗ್ಗೆ. ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಪೋಷಕರು; ಹಿಂದಿನ ಗೋಡೆಗೆ ಒರಗಿ ನಿಂತ ಕೆಲವರು, ಅವರ ಮುಖದಲ್ಲಿ ಆಟದ ಬಗ್ಗೆ ಕುತೂಹಲವೇನೂ ಇರಲಿಲ್ಲ. ಅಧ್ಯಕ್ಷರು ನನ್ನನ್ನು ಮೊದಲು ಕರೆದರು. ಮಾತನಾಡಿದೆ. ಮೂರು ಆಟಗಳನ್ನು ಹೋಲಿಸಿದೆ. ಮಾರ್ಕೆಟಿನ ಹೆಂಗಸು ಮುಖ ತಿರುಗಿಸುವುದನ್ನು ಕೊನೆಗೆ ಹೇಳಿದೆ. ಗೋಡೆಗೊರಗಿದ್ದವರಲ್ಲಿ ಒಬ್ಬ ಬಾಯಿ ತೆರೆದ: "ಅಂಗಡಿ ಇಟ್ಟವರು ಯಾರು ಅಂತ ಮೊದ್ಲು..." ಅಧ್ಯಕ್ಷರು ಕೈಯೆತ್ತಿ, "ವಿಷಯಕ್ಕೆ ಬನ್ನಿ, ವಿಷಯ ಆಟದ್ದು" ಎಂದರು. ಅವನು ಮತ್ತೆ ಗೋಡೆಗೊರಗಿದ. ಆ ಒಂದು ಕ್ಷಣಕ್ಕಾಗಿಯೇ ನಾನು ಇದನ್ನೆಲ್ಲ ಒಪ್ಪಿಕೊಂಡದ್ದು.

ಆಮೇಲೆ ಗೆಳೆಯ ಎದ್ದ. ಹೊದಿಕೆಯೊಳಗಿನ ಮೊಬೈಲಿನ ಮಾತು ಹೇಳಿದ, ಗಲ್ಫಿನ ಕೋಣೆಯ ಮಾತು ಹೇಳಿದ. ಎರಡನೆಯ ಸಾಲಿನ ತಾಯಿಯೊಬ್ಬರು ತಲೆಯಾಡಿಸಿದ್ದನ್ನು ಕಂಡೆ. ಅವನು ಇಳಿದಾಗ ಬಿದ್ದ ಚಪ್ಪಾಳೆ ನನ್ನದಕ್ಕಿಂತ ಹೆಚ್ಚೇ ಇತ್ತು. ನನಗೆ ನಿಜವಾಗಿ ಹೆಮ್ಮೆಯಾಯಿತು. ಇಬ್ಬರೂ ಚೆನ್ನಾಗಿ ಮಾತನಾಡಿದ್ದೆವು. ಸಭೆ ತೂಗಿ ನೋಡುತ್ತದೆ, ಅಂಗಡಿ ಉಳಿಯುತ್ತದೆ ಎಂದುಕೊಂಡೆ.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಅವರಿಗೆ ಯಾರ ಮನಸ್ಸನ್ನೂ ನೋಯಿಸುವುದು ಬೇಕಿರಲಿಲ್ಲ. "ಇಬ್ಬರು ಹೇಳಿದ್ದೂ ಸರಿ ಉಂಟು. ಹಾಗಾಗಿ ಅಂಗಡಿ ಇರಲಿ. ಸರ್ ಒಳ್ಳೇದು ಅಂತ ಹೇಳಿದ ಆ ಬಂದರಿನದ್ದು, ಅದೊಂದು ಆಟ ಮಾತ್ರ ಇರಲಿ. ಉಳಿದದ್ದು ತೆಗೆಯುವ. ಆಗಬಹುದಾ?"

"ಆಗಬಹುದು, ಆಗಬಹುದು," ಎಂದರು ಎಲ್ಲರೂ.

ನಾನು ಎದ್ದೆ. "ಅಧ್ಯಕ್ಷರೇ, ನಾನು ಹೇಳಿದ್ದು ಹೋಲಿಕೆ, ಶಿಫಾರಸಲ್ಲ. ಅವರ ವಾದದ ತಿರುಳು ಆಟದಲ್ಲಿಲ್ಲ, ಒಟ್ಟಿಗೆ ಕೂರುವುದರಲ್ಲಿದೆ. ಹುಡುಗರು ಬಾರದಿದ್ದರೆ..."

"ಎಲ್ಲರದ್ದೂ ಒಂದೊಂದು ದೃಷ್ಟಿಯಲ್ಲಿ ಸರಿ ಅನ್ನುವ ಅನೇಕಾಂತ ಎಲ್ಲ ಬಸದಿಯಲ್ಲಿ ಸರ್," ಎಂದರು ಅವರು ನಗುತ್ತ. "ಇಲ್ಲಿ ನಿರ್ಣಯ ಬೇಕು."

ಚಪ್ಪಾಳೆ ಬಿತ್ತು. ಜನ ತಿಂಡಿಯ ಕಡೆ ನಡೆದರು. ಮೆಟ್ಟಿಲ ಬಳಿ ಗೆಳೆಯ ಸಿಕ್ಕಿದ.

"ನಿನ್ನದು ಒಳ್ಳೇದಾಯ್ತು," ಎಂದ. "ನನ್ನದೂ ಅಡ್ಡಿ ಇಲ್ಲ. ಕೂಡಿಸಿದ್ರೆ ಫಲಕ ನಮ್ಮದೇ."

ನಮ್ಮಿಬ್ಬರ ತಪ್ಪೂ ಅಲ್ಲೇ ಇತ್ತು. ಕೂಡಿಸುವವರು ಯಾರಾದರೂ ಇದ್ದಾರೆಂದು ಇಬ್ಬರೂ ನಂಬಿದ್ದೆವು. ಬೇರೆ ಯಾರಾದರೂ ಆಗಿದ್ದರೆ ಒಬ್ಬ ಸ್ನೇಹಿತನಿಗಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದ, ಇನ್ನೊಬ್ಬ ಅಂಗಡಿಗಾಗಿ ಜಗಳವಾಡುತ್ತಿದ್ದ. ಫಲಕಕ್ಕಾಗಿ ಬೆಳೆದ ನಾವು ಮಾತ್ರ ಒಬ್ಬರ ಭಾಷಣವನ್ನು ಇನ್ನೊಬ್ಬರು ತಿದ್ದುತ್ತ ಕುಳಿತೆವು.

ಅವನು ನಿರ್ಣಯವನ್ನು ಅಕ್ಷರಶಃ ಪಾಲಿಸಿದ. ಎಲ್ಲ ಪರದೆಗಳ ಮೇಲೂ ಬಂದರಿನ ಆಟ. ಮೊದಲ ವಾರ ಹುಡುಗರು ಬಂದರು, ಕೆಂಪು ದೀಪದಲ್ಲಿ ನಿಂತು ಆಕಳಿಸಿದರು. ವಿಜಯಪುರದ ಹುಡುಗ, "ಸರ್ರ, ಇದು ಆಟ ಅಲ್ಲ, ಆರ್‌ಟಿಓ ಪರೀಕ್ಷಾ" ಎಂದು ಎದ್ದುಹೋದ. ಮುಂದೆ ಅವನು ಕಾಲೇಜಿನ ಕಂಪೌಂಡ್ ಗೋಡೆಯ ಮೇಲೆ ಒಬ್ಬನೇ ಕುಳಿತು ಮೊಬೈಲಿನಲ್ಲಿ ಬೆರಳಾಡಿಸುವುದನ್ನು ನಾನು ಬಸ್ಸಿಗೆ ಹೋಗುವಾಗ ನೋಡುತ್ತಿದ್ದೆ. ಅವನು ತರಗತಿಗೆ ಬರುವುದು ಹೆಚ್ಚಾಗಲಿಲ್ಲ. ಅಧ್ಯಕ್ಷರು ಮಾತ್ರ ಭೇಟಿಯಾದಾಗಲೆಲ್ಲ, "ಆ ವಿಷಯ ಚಂದದಲ್ಲಿ ಮುಗೀತಲ್ವಾ" ಎನ್ನುತ್ತಿದ್ದರು. ಗದ್ದಲವಾಗಲಿಲ್ಲ, ಯಾರ ಜನದ ಹೆಸರೂ ಬರಲಿಲ್ಲ. ಅದು ಸುಳ್ಳಲ್ಲ, ನಾನು ಅದನ್ನು ಅಲ್ಲಗಳೆಯಲಾರೆ.

ಅಂಗಡಿಗೆ ಉಳಿದ ಒಬ್ಬನೇ ಗಿರಾಕಿ ನಾನು. ಕೊನೆಯ ಅಧ್ಯಾಯವೊಂದು ಆಡುವುದಕ್ಕೆ ಬಾಕಿಯಿತ್ತು. ಒಂದು ಮಧ್ಯಾಹ್ನ ಹೋದಾಗ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಲಾಗಿತ್ತು, ಒಂದು ಪರದೆ ಮಾತ್ರ ಗೋಡೆಯಲ್ಲಿತ್ತು. ಪುನಃ ಗಲ್ಫಿಗೆ ಹೋಗುವ ಏರ್ಪಾಡಾಗಿದೆ, ಭಾವನ ಕಂಪನಿಯಲ್ಲಿ ಉಗ್ರಾಣದ ಕೆಲಸ ಎಂದ. ನಾನು ಏನೋ ಹೇಳಲು ಹೊರಟೆ.

"ಮಂಡೆ ಬೆಚ್ಚ ಮಾಡಬೇಡ," ಎಂದ. "ಇದನ್ನು ತೆಗೆಯುವ ಮೊದಲು ನಿನ್ನ ಆಟ ಮುಗಿಸು. ಕೊನೆಯದ್ದು ನಿನಗೆ ಖುಷಿಯಾಗ್ತದೆ. ಗುಂಡು ಇಲ್ಲ, ಮಾತು ಮಾತ್ರ."

ನಿಜ. ಕೊನೆಯ ಅಧ್ಯಾಯದಲ್ಲಿ ನಾಯಕ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿದ್ದಾನೆ. ಪರದೆಯ ಮೇಲೆ ವಾಕ್ಯಗಳು ಮೂಡುತ್ತವೆ. ಯಾವುದನ್ನು ಹೇಳಬೇಕೆಂದು ಆರಿಸಬೇಕು. ಮೊದಲ ಬಾರಿಗೆ ನನ್ನ ಬೆರಳು ತಡವರಿಸಲಿಲ್ಲ. ಒಪ್ಪಬೇಕಾದುದನ್ನು ಒಪ್ಪಿದೆ, ವಿಂಗಡಿಸಬೇಕಾದುದನ್ನು ವಿಂಗಡಿಸಿದೆ. ಕ್ರೇನಿನವನ ಪರವಾಗಿ ಅಷ್ಟು ಚೆನ್ನಾಗಿ ಯಾರೂ ಮಾತನಾಡಿರಲಾರರು. ನ್ಯಾಯಾಧೀಶರು ಸಹನೆಯಿಂದ ಕೇಳಿ ತೀರ್ಪು ಕೊಟ್ಟರು: ಕಳ್ಳಸಾಗಣೆ ನಡೆದ ಬಂದರಿನ ಬೀದಿಯನ್ನು, ಮಾರ್ಕೆಟಿನ ಸಮೇತ, ಖಾಲಿ ಮಾಡತಕ್ಕದ್ದು. ಮಾರ್ಕೆಟಿನ ಹೆಂಗಸು ಬುಟ್ಟಿ ಎತ್ತಿಕೊಂಡು ಹೋಗುವುದರೊಂದಿಗೆ ಪರದೆ ಕಪ್ಪಾಯಿತು.

"ನಾನು ಆರಿಸಿದ್ದು ತಪ್ಪಾಯಿತೇ?"

"ಇಲ್ಲ. ನಾನು ಎಲ್ಲ ಆರಿಸಿ ನೋಡಿದ್ದೇನೆ. ಎಂತ ಹೇಳಿದ್ರೂ ತೀರ್ಪು ಅದೇ."

"ಮೊದಲೇ ಹೇಳಬಾರದಿತ್ತೇ?"

"ಹೇಳಿದ್ರೆ ನೀನು ಸಭೆಯಲ್ಲಿ ಅದನ್ನು ಹೊಗಳುತ್ತಿದ್ದಿಯಾ? ನಿನಗೆ ಇಷ್ಟವಾದ ಆಟ ಅದೊಂದೇ ಅಲ್ವಾ. ಪಾಪ ಅಂತ ಬಿಟ್ಟೆ."

ಆಮೇಲೆ ಅವನು ಪರದೆಯ ತಂತಿ ಕಿತ್ತ. ಇಬ್ಬರೂ ಕೆಳಗಿಳಿದೆವು. ಬೋರ್ಡು ಇಳಿಸಲು ಬೇಕರಿಯವರಿಂದ ಏಣಿ ತಂದಿದ್ದ. ಅವನು ಹತ್ತಿದ, ನಾನು ಏಣಿ ಹಿಡಿದುಕೊಂಡೆ. ಆ ಹೊತ್ತಿಗೆ ಸರಿಯಾಗಿ ವಿಜಯಪುರದ ಹುಡುಗ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟವನು ನಿಂತ.

"ಅಣ್ಣಾ, ಬಂದ್ ಮಾಡಿದ್ರೇನು?"

"ಹೌದು," ಮೇಲಿನಿಂದ ಗೆಳೆಯ ನಕ್ಕ. "ಸರ್ ಒಂದು ಒಳ್ಳೆ ಭಾಷಣ ಮಾಡಿದ್ರು."

ಹುಡುಗ ನನ್ನನ್ನು ನೋಡಿದ. ನಾನು ಏಣಿಯನ್ನು ಬಿಡದೆ ಅವನ ಕಡೆ ತಿರುಗಿದೆ. "ಹಾಗಲ್ಲ, ನಾನು ಹೇಳಿದ್ದು ಎರಡು ಭಾಗಗಳಲ್ಲಿತ್ತು. ಮೊದಲನೆಯದಾಗಿ..." ಎಂದು ಆರಂಭಿಸಿದೆ.

"ಬಸ್ ಬಂತ್ರಿ ಸರ್ರ," ಎಂದು ಅವನು ಓಡಿದ.

"ಏಣಿ ಅಲ್ಲಾಡ್ತದೆ ಮಾರಾಯ," ಮೇಲಿನಿಂದ ದನಿ ಬಂತು. "ಎರಡೂ ಕೈಯಲ್ಲಿ ಹಿಡಿ."

ಎರಡೂ ಕೈಯಲ್ಲಿ ಹಿಡಿದುಕೊಂಡೆ.